ಬೆಲ್ ಒತ್ತದವರು

ಹೋದ ಶುಕ್ರವಾರ ಇಲ್ಲಿ ದೋಹಾದ ಮದೀನತ್ ಖಲೀಫಾದಲ್ಲಿರುವ ನನ್ನ ಗೆಳತಿ ಹಿಲ್ಡಾಳ ಮನೆಗೆ ಊಟಕ್ಕೆ ಹೋಗಿದ್ದೆವು. ನಾನು, ನಮ್ಮವರು, ಮಗಳು, ಮತ್ತು ವಾಕರ್ ಹಿಡಿದುಕೊಂಡು ನಡೆಯುವ ನನ್ನ ಅಮ್ಮ. ತಟ್ಟೆಗೆ ಎರಡನೆಯ ನೀರುದೋಸೆ ಇನ್ನೂ ಬಿದ್ದಿರಲಿಲ್ಲ, ಹಿಲ್ಡಾಳ ಮನೆಯ ಹೊಸ ಕರೆಗಂಟೆ ಟಿಡಿಂಗ್ ಟಿಡಿಂಗ್ ಎಂದಿತು. ನೀವು ನಂಬುತ್ತೀರೋ ಇಲ್ಲವೋ, ನನ್ನ ಎಡಗೈ ತಾನಾಗಿಯೇ ಸೊಂಟದ ಜೇಬಿಗೆ ಹೋಯಿತು. ಬಲಗೈಯಲ್ಲಿ ಕೋಳಿ ಸುಕ್ಕದ ತುಂಡು ಹಿಡಿದುಕೊಂಡೇ ನಾನು ಎದ್ದು ನಿಂತಿದ್ದೆ. ಉಟ್ಟದ್ದು ಸೀರೆ. ಸೀರೆಗೆ ಜೇಬು ಎಲ್ಲಿಂದ ಬರಬೇಕು? ಬರೀ ಸೊಂಟವನ್ನು ತಡವಿಕೊಂಡು ನಿಂತ ನನ್ನನ್ನು ನೋಡಿ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

"ಇವಳಿಗೆ ಸತ್ತ ಮೇಲೂ ಬೆಲ್ ಕೇಳ್ತದೆ ಮಾರಾಯ್ರೆ" ಎಂದರು ನಮ್ಮವರು.

ನಾನೂ ನಕ್ಕು ಕುಳಿತೆ. ಆದರೆ ಆ ನಗು ಮುಗಿಯುವ ಮೊದಲೇ ಅಮ್ಮ ತನ್ನ ಪ್ರೀತಿಯ ಕಥೆಗೆ ಬಾಯಿ ತೆರೆದಳು. ಅವಳು ಆಸ್ಪತ್ರೆಯಲ್ಲಿ ಮಲಗಿದ್ದ ಕಥೆ. ಅದನ್ನು ಅವಳು ಹೇಳುವಾಗಲೆಲ್ಲ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸುತ್ತದೆ. ಯಾಕೆ ಅನ್ನುವುದನ್ನು ಹೇಳಬೇಕಾದರೆ ಮೊದಲು ನಮ್ಮ ಬೆಲ್ಲಿನ ಪುರಾಣವನ್ನೇ ಹೇಳಬೇಕು. ಸ್ವಲ್ಪ ಉದ್ದವಿದೆ. ನೀವು ಆರಾಮವಾಗಿ ಕುಳಿತುಕೊಳ್ಳಿ.

ನಾನು ಇಲ್ಲಿ ದೋಹಾದ ಒಂದು ಆಸ್ಪತ್ರೆಯಲ್ಲಿ ನರ್ಸ್. ಊರಿನಲ್ಲಿ ಕಲಿಯುವಾಗ ನಮ್ಮ ವಾರ್ಡಿನಲ್ಲಿ ಬೆಲ್ ಎಂಬುದೇ ಇರಲಿಲ್ಲ. ರೋಗಿಗೆ ಏನಾದರೂ ಬೇಕಾದರೆ ಜೊತೆಗಿದ್ದವರು ನಮ್ಮ ಮೇಜಿನ ತನಕ ನಡೆದು ಬಂದು "ಸಿಸ್ಟರ್..." ಎಂದು ರಾಗ ಎಳೆಯುತ್ತಿದ್ದರು. ಜೊತೆಗೆ ಯಾರೂ ಇಲ್ಲದವರು ಸ್ಟೀಲಿನ ಲೋಟಕ್ಕೆ ಚಮಚದಿಂದ ಬಡಿಯುತ್ತಿದ್ದರು. ಲೋಟದ ಸದ್ದಿನಲ್ಲೇ ನಮಗೆ ಗೊತ್ತಾಗುತ್ತಿತ್ತು, ಇದು ನೋವಿನ ಬಡಿತವೋ ಬೇಸರದ ಬಡಿತವೋ ಎಂದು. ಹಾಗಂತ ನಾವು ಎಲ್ಲದಕ್ಕೂ ಓಡಿ ಹೋಗುತ್ತಿದ್ದೆವು ಎಂದು ತಿಳಿಯಬೇಡಿ. ಆಗಲೂ ಬೈಯುತ್ತಿದ್ದೆವು. ಬೈಯದ ನರ್ಸನ್ನು ನಾನು ಇನ್ನೂ ಕಂಡಿಲ್ಲ.

ದೋಹಾಕ್ಕೆ ಬಂದ ಹೊಸತರಲ್ಲಿ ಮಂಚದ ಬದಿಯಲ್ಲಿ ಒಂದು ವಯರು, ಅದರ ತುದಿಯಲ್ಲಿ ಕೆಂಪು ಗುಂಡಿ ಇತ್ತು. ಒತ್ತಿದರೆ ಬಾಗಿಲ ಮೇಲೆ ದೀಪ ಹತ್ತುತ್ತಿತ್ತು. ದೀಪವನ್ನು ನೋಡಬಹುದು, ನೋಡದ ಹಾಗೆ ಮಾಡಲೂಬಹುದು. ಅಷ್ಟು ಸ್ವಾತಂತ್ರ್ಯ ನಮಗಿತ್ತು. ಆಮೇಲೆ ಯಾರೋ ಪುಣ್ಯಾತ್ಮರು ಆ ದೀಪವನ್ನು ನಮ್ಮ ಜೇಬಿಗೇ ತಂದು ಹಾಕಿದರು. ಈಗ ಪ್ರತಿ ನರ್ಸಿಗೂ ಒಂದು ಫೋನು. ರೋಗಿಯ ಕೈಯಲ್ಲಿ ಒಂದು ಟ್ಯಾಬು. ಅದರಲ್ಲಿ ಚಿತ್ರಗಳು: ನೀರಿನ ಲೋಟ, ಕಂಬಳಿ, ಅಳುವ ಮುಖ, ಕಮೋಡು. ಯಾವ ದೇಶದವನೇ ಇರಲಿ, ಯಾವ ಭಾಷೆಯವನೇ ಇರಲಿ, ಚಿತ್ರ ಒತ್ತಿದರೆ ಸಾಕು, ನಮ್ಮ ಸೊಂಟ ಟಿಡಿಂಗ್ ಎನ್ನುತ್ತದೆ. ನಾವು ಊಟದ ಕೋಣೆಯಲ್ಲಿರಲಿ, ಲಿಫ್ಟಿನಲ್ಲಿರಲಿ, ನಮ್ಮದೇ ಕಮೋಡಿನ ಮೇಲಿರಲಿ, ಅದಕ್ಕೆ ಭೇದವಿಲ್ಲ.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಮ್ಮ ಮೇಜಿನ ಎದುರಿಗೆ ಗೋಡೆಯಲ್ಲಿ ದೊಡ್ಡದೊಂದು ಪರದೆ ಇದೆ. ಅದರಲ್ಲಿ ಪ್ರತಿ ಕೋಣೆಗೂ ಒಂದು ಚೌಕ. ಕರೆ ಬಂದರೆ ಹಳದಿ, ಹೋಗಲು ತಡವಾದರೆ ಕೆಂಪು, ಹೋಗಿ ನಿಲ್ಲಿಸಿದರೆ ಅಥವಾ ಕರೆಯೇ ಇಲ್ಲದಿದ್ದರೆ ಹಸಿರು. ಕೆಂಪು ಹೆಚ್ಚಾದರೆ ಮೀಟಿಂಗಿನಲ್ಲಿ ನಮ್ಮ ಹೆಸರು ಬರುತ್ತದೆ. ಹೀಗಿರುವಾಗ ನಾವೂ ಒಂದು ಉಪಾಯ ಕಲಿತೆವು. ಮಂಚದ ಹಿಂದೆ ಗೋಡೆಯಲ್ಲಿ ಕರೆ ನಿಲ್ಲಿಸುವ ಗುಂಡಿಯೊಂದಿದೆ. ಓಡಿ ಹೋಗಿ ಅದನ್ನು ಒತ್ತಿ, ರೋಗಿಗೆ ಎರಡು ಬೆರಳು ತೋರಿಸಿ "ಟೂ ಮಿನಿಟ್ಸ್ ಮಾಮಾ" ಎಂದು ಹೇಳಿ ಹಾಗೇ ಹೊರಗೆ ಓಡುವುದು. ಪರದೆಯ ಮೇಲೆ ಹಸಿರು, ಮೇಲಿನವರಿಗೆ ಸಂತೋಷ. ಆ ಎರಡು ನಿಮಿಷ ಯಾವಾಗ ಮುಗಿಯುತ್ತದೆ ಎಂಬುದನ್ನು ಮಾತ್ರ ಯಾವ ಪರದೆಯೂ ತೋರಿಸುವುದಿಲ್ಲ.

ಇದನ್ನು ಓದಿ ನೀವು ನಮ್ಮನ್ನು ಕಟುಕರು ಎಂದುಕೊಂಡರೆ ನನಗೆ ಬೇಸರವಾಗುತ್ತದೆ. ಒಂದು ದಿನ ನನ್ನ ಜೊತೆ ಬಂದು ನೋಡಿ. ಒಬ್ಬರಿಗೆ ಇಂಜೆಕ್ಷನ್ನಿನ ಪ್ರಮಾಣ ಲೆಕ್ಕ ಹಾಕುತ್ತಿರುತ್ತೇನೆ, ಸೊಂಟ ಟಿಡಿಂಗ್ ಎನ್ನುತ್ತದೆ. ಲೆಕ್ಕ ತಪ್ಪುತ್ತದೆ. ಮತ್ತೆ ಮೊದಲಿನಿಂದ ಹಾಕುತ್ತೇನೆ, ಮತ್ತೆ ಟಿಡಿಂಗ್. ಹೋಗಿ ನೋಡಿದರೆ ದಿಂಬು ಒಂಚೂರು ಮೇಲಾಗಬೇಕು. ಇನ್ನೊಬ್ಬರಿಗೆ ಕಿಟಕಿಯ ಪರದೆ ಸರಿಸಬೇಕು. ಎದುರಿಗೇ ದಢೂತಿ ಮಗ ಕುಳಿತು ಮೊಬೈಲ್ ನೋಡುತ್ತಿರುತ್ತಾನೆ. ಒಬ್ಬ ಅಜ್ಜಿ ದಿನವೂ ಕರೆದು ನನಗೆ ಮದುವೆಯಾಗಿದೆಯೇ ಎಂದು ಕೇಳುತ್ತಿದ್ದಳು. ಆಗಿದೆ ಎಂದರೆ, ಎಷ್ಟು ಮಕ್ಕಳು? ಒಂದೇ ಎಂದರೆ, ಯಾಕೆ? ಆ 'ಯಾಕೆ'ಗೆ ಉತ್ತರ ಕೊಡುವಷ್ಟರಲ್ಲಿ ಬೇರೆ ಎರಡು ಕೋಣೆಗಳು ಕೆಂಪಾಗಿರುತ್ತಿದ್ದವು.

ಎಲ್ಲಕ್ಕಿಂತ ಸಿಟ್ಟು ಬರಿಸುವುದು ಆ ಕಮೋಡಿನ ಚಿತ್ರ. ಅದನ್ನು ಒತ್ತಿದರೆ ನಾವು ಎಲ್ಲಿದ್ದರೂ ಬಿದ್ದೆನೋ ಎದ್ದೆನೋ ಎಂದು ಓಡುತ್ತೇವೆ. ರೋಗಿ ತಾನೇ ಎದ್ದು ಬಿದ್ದರೆ ಯಾರ ತಲೆಗೆ ಬರುತ್ತದೆ ಹೇಳಿ? ಈ ಗುಟ್ಟು ರೋಗಿಗಳಿಗೂ ಬಹಳ ಬೇಗ ಗೊತ್ತಾಗಿಬಿಡುತ್ತದೆ. ಕಮೋಡು ಒತ್ತುತ್ತಾರೆ, ನಾವು ಏದುಸಿರು ಬಿಡುತ್ತ ಹೋಗುತ್ತೇವೆ, "ಸಿಸ್ಟರ್, ಟಿವಿ ಚಾನೆಲ್ ಚೇಂಜ್" ಎನ್ನುತ್ತಾರೆ.

ಆ ಸಿಟ್ಟನ್ನು ಆಸ್ಪತ್ರೆಯಲ್ಲಿ ತೋರಿಸುವಂತಿಲ್ಲ. ನಗುಮುಖವೂ ನಮ್ಮ ಯೂನಿಫಾರ್ಮಿನದೇ ಒಂದು ಭಾಗ. ಹಾಗಾಗಿ ಅದನ್ನು ಮಡಚಿ ಚೀಲದಲ್ಲಿ ಹಾಕಿಕೊಂಡು ಬಿನ್ ಒಮ್ರಾನಿನ ನಮ್ಮ ಫ್ಲ್ಯಾಟಿಗೆ ತರುತ್ತಿದ್ದೆ, ಊಟದ ಮೇಜಿನ ಮೇಲೆ ಬಿಚ್ಚುತ್ತಿದ್ದೆ. ಚಿಕ್ಕಂದಿನಿಂದಲೂ ನನಗೆ ಬೇರೆಯವರ ಹಾಗೆ ಮಾತಾಡಿ ತೋರಿಸುವ ಚಾಳಿ. ಚರ್ಚಿನಲ್ಲಿ ಪಾದ್ರಿಯ ಪ್ರಸಂಗ ಕೇಳಿ ಬಂದು ಅಡುಗೆಮನೆಯಲ್ಲಿ ಅದನ್ನೇ ಆಡಿ ತೋರಿಸಿ ಪೆಟ್ಟು ತಿಂದವಳು. ಈಗ ರೋಗಿಗಳು ಸಿಕ್ಕಿದರು. ಕುತ್ತಿಗೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ, ಒಂದೇ ಬೆರಳಿನಿಂದ ಗಾಳಿಯಲ್ಲಿ ಟ್ಯಾಬು ಒತ್ತಿ, "ಸಿಸ್ಟಾ...ರ್" ಎನ್ನುತ್ತಿದ್ದೆ. ಒಬ್ಬೊಬ್ಬರಿಗೂ ಒಂದೊಂದು ಹೆಸರು ಇಟ್ಟಿದ್ದೆ: ದಿಂಬು ಮಾಮ, ಚಾನೆಲ್ ಹಾಜಿ, ಕಮೋಡು ರಾಣಿ. ಮಗಳು ಕುರ್ಚಿಯಿಂದ ಬೀಳುವ ಹಾಗೆ ನಗುತ್ತಿದ್ದಳು. ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟು ಮುಗಿಸಿ ದಣಿದು ಬಂದ ನಮ್ಮವರು ಕೂಡ "ಇವತ್ತು ಯಾರ ಸರದಿ?" ಎಂದು ಕೇಳಿಯೇ ತಟ್ಟೆಗೆ ಕೈ ಹಾಕುತ್ತಿದ್ದರು. ಅವರು ಅಪ್ಪಿತಪ್ಪಿ ನೀರು ಕೇಳಿದರೆ ನಾನು "ಬೆಲ್ ಒತ್ತಿ" ಎನ್ನುತ್ತಿದ್ದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ದಿನವೂ ಬೆಕ್ಕಿನದೇ ಆಟ.

ಈ ವರ್ಷ ಅಮ್ಮ ವಿಸಿಟ್ ವೀಸಾದಲ್ಲಿ ಬಂದಳು. ನಾವು ಉಡುಪಿ ಕಡೆಯ ಕ್ರಿಶ್ಚಿಯನ್ನರು, ಮನೆಮಾತು ಕೊಂಕಣಿ. ಆದರೆ ಅಮ್ಮ ಊರಿನ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವಳು. ಜಪಮಾಲೆಗೆ ಕೊಂಕಣಿ, ಮೀನಿನವಳ ಹತ್ತಿರ ತುಳು, ಮಕ್ಕಳೊಡನೆ ಮಾತ್ರ ಕನ್ನಡ. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಟೀಚರ್ ಗತ್ತು ಹೋಗಿಲ್ಲ. ನಮ್ಮ ಕಟ್ಟಡದ ವಾಚ್‌ಮನ್ನಿಗೂ "ಬೆನ್ನು ನೇರ ಮಾಡಿ ಕೂತ್ಕೋ" ಎಂದು ಕನ್ನಡದಲ್ಲೇ ಹೇಳಿ, ಆ ಬಾಂಗ್ಲಾದೇಶದವನು ಬೆನ್ನು ನೇರ ಮಾಡಿದ್ದನ್ನು ನಾನೇ ಕಂಡಿದ್ದೇನೆ.

ಅಮ್ಮ ಬಂದ ಮೇಲೆ ನನ್ನ ಆಟಕ್ಕೆ ಇನ್ನಷ್ಟು ಕಳೆ ಬಂತು. ಅವಳಷ್ಟು ನಕ್ಕವರು ಯಾರೂ ಇಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು ನಗುತ್ತಿದ್ದಳು. ಒಂದು ದಿನ ಮಾತ್ರ, ನಾನು ಕಮೋಡು ರಾಣಿಯನ್ನು ಮಾಡಿ ತೋರಿಸಿ ಮುಗಿಸಿದಾಗ, ನಗು ನಿಲ್ಲಿಸಿ ಕೇಳಿದಳು:

"ಅಲ್ಲ ಮಗಾ, ಒಂದೊಂದು ಸಲ ನಿಜವಾಗಿ ಅವಸರ ಇರ್ತದಲ್ಲ ಅವರಿಗೆ? ಆವಾಗ ಎಂತ ಮಾಡ್ತಾರೆ?"

"ನಿಜವಾದ ಅವಸರ ಹತ್ತರಲ್ಲಿ ಒಬ್ಬರಿಗೆ ಅಮ್ಮ. ಉಳಿದವರಿಗೆಲ್ಲ ನಾವು ಓಡುವುದನ್ನು ನೋಡ್ಲಿಕ್ಕೆ ಖುಷಿ" ಎಂದೆ. ಅಷ್ಟು ಹೇಳಿ ಸಾರಿಗೆ ಉಪ್ಪು ಹಾಕಿಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನಾಡಿದ ಆ ಮಾತು ಎಲ್ಲಿಗೆ ಹೋಗಿ ಕುಳಿತಿತು ಎಂದು ಆಗ ನನಗೆ ತಿಳಿಯಲಿಲ್ಲ.

ಅದಾಗಿ ಕೆಲವು ದಿನಗಳಲ್ಲೇ ಅಮ್ಮ ನಮ್ಮ ಕಟ್ಟಡದ ಬಾಗಿಲಲ್ಲಿ ಜಾರಿ ಬಿದ್ದಳು. ಆಗಷ್ಟೇ ನೆಲ ಒರೆಸಿದ್ದರು. ಕಾಲಿನ ಗಂಟಿನ ಹತ್ತಿರ ಮೂಳೆ ಮುರಿದಿತ್ತು. ನಮ್ಮದೇ ಆಸ್ಪತ್ರೆಗೆ ಸೇರಿಸಿದೆವು. ಪ್ಲೇಟ್ ಹಾಕಿ ಆಪರೇಷನ್ ಮಾಡಿದರು. ಆ ಕಾಲನ್ನು ನೆಲಕ್ಕೆ ಊರಲೇಬಾರದು ಎಂದರು ಡಾಕ್ಟರು. ಅಂದರೆ ಏಳಬೇಕಾದರೆ, ಕೂರಬೇಕಾದರೆ, ಮೂತ್ರಕ್ಕೆ ಹೋಗಬೇಕಾದರೆ ಯಾರನ್ನಾದರೂ ಕರೆಯಲೇಬೇಕು.

ಅವಳ ವಾರ್ಡು ನನ್ನ ವಾರ್ಡಿನ ಮೇಲಿನ ಮಹಡಿಯಲ್ಲಿತ್ತು. ಅಲ್ಲಿನ ನರ್ಸುಗಳೆಲ್ಲ ನನಗೆ ಗೊತ್ತಿದ್ದವರು. ಅದರಲ್ಲೂ ಫಿಲಿಪೈನ್ಸಿನ ಮರಿಸೆಲ್ ನನ್ನ ಊಟದ ಕೋಣೆಯ ಗೆಳತಿ. ಬೆಲ್ಲನ್ನು ಬೈಯುವುದರಲ್ಲಿ ನಾವಿಬ್ಬರೂ ಒಂದೇ ಗರಡಿಯವರು. ಅಮ್ಮನನ್ನು ಹಾಸಿಗೆಗೆ ಸೇರಿಸಿದ ದಿನ ನಾನು ಮರಿಸೆಲ್‌ಗೆ ಹೇಳಿದೆ, "ಹೆದರಬೇಡ, ನನ್ನ ಅಮ್ಮ ಬೆಲ್ ಒತ್ತುವ ಜಾತಿಯವಳಲ್ಲ" ಎಂದು. ಇದನ್ನು ಇಂಗ್ಲಿಷಿನಲ್ಲಿ ಹೇಳಿದ್ದೆ, ಆದರೆ ಅಮ್ಮನಿಗೆ ಅರ್ಥವಾಗುವಂಥ ಇಂಗ್ಲಿಷಿನಲ್ಲೇ ಹೇಳಿದ್ದೆ. ಆಮೇಲೆ ಅಮ್ಮನ ಕೈಗೆ ಟ್ಯಾಬು ಕೊಟ್ಟು ನಾನೇ ಪಾಠ ಮಾಡಿದೆ. ಇದು ನೀರು, ಇದು ನೋವು, ಇದು ಬಾತ್‌ರೂಮು. ಪಾಠದ ಕೊನೆಗೆ ಒಂದು ಮಾತು ಸೇರಿಸಿದೆ: "ಬೇಕೇ ಬೇಕಾದರೆ ಮಾತ್ರ ಒತ್ತು ಅಮ್ಮ. ನನ್ನ ಫ್ರೆಂಡ್ಸ್ ಇವರೆಲ್ಲ."

ಅಮ್ಮ ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದಳು.

ಡ್ಯೂಟಿಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ನಾನು ಹೋಗಿ ನೋಡುತ್ತಿದ್ದೆ. ಹೋದ ಕೂಡಲೇ ಅಮ್ಮ "ಬಂದ್ಯಾ ಮಗಾ, ಸ್ವಲ್ಪ ಆ ಬೆಡ್‌ಪ್ಯಾನ್ ಕೊಡು" ಎನ್ನುತ್ತಿದ್ದಳು. ನಾನು ಕೊಡುತ್ತಿದ್ದೆ. ಬೇರೆಯವರ ಕೈಯಲ್ಲಿ ಮಾಡಿಸಿಕೊಳ್ಳಲು ನಾಚಿಕೆ ಇರಬಹುದು, ಮಗಳ ಕೈಯೇ ಆಗಬೇಕು ಎಂದಿರಬಹುದು ಎಂದುಕೊಂಡೆ. ಒಳಗೊಳಗೇ ನನಗೆ ಅದೊಂದು ಹೆಮ್ಮೆ. ನರ್ಸು ನಾನು! ದಿನವಿಡೀ ಬೇರೆಯವರ ಮೂತ್ರದ ಬಣ್ಣ ನೋಡಿ ನೀರು ಕುಡಿಯಿರಿ ಎಂದು ಉಪದೇಶ ಮಾಡುವವಳು, ಅಮ್ಮನ ಬೆಡ್‌ಪ್ಯಾನಿನಲ್ಲಿ ಬರೀ ಪ್ರೀತಿಯನ್ನು ನೋಡಿದೆ.

ಮೇಲಿನ ಮಹಡಿಯವರ ಹೊಗಳಿಕೆ ಬೇರೆ. ಪರದೆಯಲ್ಲಿ ಅಮ್ಮನ ಕೋಣೆಯ ಚೌಕ ಸದಾ ಹಸಿರು. "ಯುವರ್ ಮಮ್ಮಿ, ಬೆಸ್ಟ್ ಪೇಶೆಂಟ್" ಎಂದು ಲಿಫ್ಟಿನಲ್ಲಿ ಸಿಕ್ಕಿದವರು ಹೇಳುತ್ತಿದ್ದರು. ನಾನು ಉಬ್ಬಿ ಹೋಗುತ್ತಿದ್ದೆ. "ನಮ್ಮ ಕಡೆಯವರು ಹಾಗೇ" ಎಂದು ಇಡೀ ಕರಾವಳಿಗೇ ಸರ್ಟಿಫಿಕೇಟು ಕೊಡುತ್ತಿದ್ದೆ.

ಒಂದು ಮಧ್ಯಾಹ್ನ ಊಟದ ಕೋಣೆಯಲ್ಲಿ ಮರಿಸೆಲ್ ನನ್ನ ಎದುರು ಬಂದು ಕುಳಿತಳು. "ನಿನ್ನ ಮಮ್ಮಿ ಎಷ್ಟು ಮುದ್ದು ಗೊತ್ತಾ" ಎಂದಳು. "ನಾನು ಬಾಗಿಲ ಹತ್ತಿರ ಹೋಗುವಾಗಲೆಲ್ಲ ನನಗೆ ಹೀಗೆ ಮಾಡ್ತಾರೆ." ಹೀಗೆ ಎಂದು ಅವಳು ತನ್ನ ಬಲಗೈಯ ಕಿರುಬೆರಳನ್ನು ಎತ್ತಿ ತೋರಿಸಿದಳು. "ನಾನೂ ಹೀಗೇ ಮಾಡಿ ನಕ್ಕು ಹೋಗ್ತೇನೆ. ಅದು ನಿಮ್ಮ ಊರಿನ ಹಲೋ ಅಲ್ವಾ?"

ತಿನ್ನುತ್ತಿದ್ದ ಅನ್ನವನ್ನು ಅಲ್ಲೇ ಬಿಟ್ಟು ನಾನು ಎದ್ದೆ.

ಕನ್ನಡ ಶಾಲೆಯಲ್ಲಿ ಕಲಿತವರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ. ಪಾಠ ನಡೆಯುವಾಗ ಬಾಯಿ ಬಿಡುವಂತಿಲ್ಲ. ಒಂದಕ್ಕೆ ಹೋಗಬೇಕಾದರೆ ಎದ್ದು ನಿಂತು ಕಿರುಬೆರಳು ಎತ್ತಬೇಕು. ಟೀಚರ್ ನೋಡಿ ತಲೆಯಾಡಿಸಿದರೆ ಓಡಬಹುದು. ನೋಡದಿದ್ದರೆ ಬೆರಳು ಎತ್ತಿಕೊಂಡೇ ನಿಲ್ಲಬೇಕು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ. ನನ್ನ ಅಮ್ಮನ ತರಗತಿಯಲ್ಲಿ ನಾನೂ ಹಾಗೆ ನಿಂತವಳು. ಮಗಳೆಂದು ರಿಯಾಯಿತಿ ಇರಲಿಲ್ಲ. "ಬೆಲ್ ಆಗ್ಲಿಕ್ಕೆ ಇನ್ನು ಸ್ವಲ್ಪ ಹೊತ್ತು ಉಂಟಲ್ಲ, ಕೂತ್ಕೋ" ಎನ್ನುತ್ತಿದ್ದಳು. ಕುಳಿತವರಲ್ಲಿ ಕೆಲವರ ಚಡ್ಡಿ ಅಲ್ಲೇ ಒದ್ದೆಯಾಗುತ್ತಿತ್ತು. ಅಮ್ಮ ಗದರುತ್ತಿರಲಿಲ್ಲ, ಅದನ್ನು ಹೇಳಲೇಬೇಕು. ತಾನೇ ನೀರು ತಂದು ತೊಳೆಸುತ್ತಿದ್ದಳು. ಇಷ್ಟೆಲ್ಲ ಕಂಡವಳು, ಎಷ್ಟೋ ಮಕ್ಕಳ ಬೆರಳಿಗೆ ಅಪ್ಪಣೆ ಕೊಟ್ಟವಳು, ಕತಾರಿನ ಆಸ್ಪತ್ರೆಯಲ್ಲಿ ಮಲಗಿಕೊಂಡು, ಬಾಗಿಲ ಮುಂದೆ ಹಾದುಹೋಗುವ ಹುಡುಗಿಯರಿಗೆ ತನ್ನ ಕಿರುಬೆರಳು ಎತ್ತಿ ತೋರಿಸುತ್ತಿದ್ದಳು. ಕೈಯ ಪಕ್ಕದಲ್ಲೇ ಟ್ಯಾಬು ಇತ್ತು. ಅದರಲ್ಲಿ ಕಮೋಡಿನ ಚಿತ್ರವೂ ಇತ್ತು. ಅದನ್ನು ಒತ್ತುವವರನ್ನು ಮಗಳು ಏನೆಂದು ಕರೆಯುತ್ತಾಳೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಓಡಿದೆ. ಮರಿಸೆಲ್ ಏನೂ ತಿಳಿಯದೆ ನನ್ನ ಹಿಂದೆ ಬಂದಳು.

ಅಮ್ಮನ ಮುಖ ಕೆಂಪಗಿತ್ತು. ಹಣೆ ಮುಟ್ಟಿದರೆ ಕಾವಲಿಯ ಹಾಗೆ ಸುಡುತ್ತಿತ್ತು. ಬೆಳಿಗ್ಗೆ ಸ್ವಲ್ಪ ಚಳಿ ಎಂದಿದ್ದಳು. ಏಸಿ ಕಡಿಮೆ ಮಾಡಿ ಕಂಬಳಿ ಹೊದಿಸಿ ಡ್ಯೂಟಿಗೆ ಹೋಗಿದ್ದೆ. ತುಟಿ ಒಡೆದಿತ್ತು. ನಾಲಿಗೆ ಒಣಗಿ ಅಂಟಿಕೊಂಡಿತ್ತು. ದಿಂಬಿನ ಹಿಂದೆ ನೀರಿನ ಬಾಟಲಿಗಳು ಸಾಲಾಗಿ ಬಿದ್ದಿದ್ದವು, ಕೆಲವಕ್ಕೆ ಮುಚ್ಚಳ ಕೂಡ ತೆರೆದಿರಲಿಲ್ಲ. ನೀರು ಕುಡಿದಿರಾ ಎಂದು ಕೇಳಿದವರಿಗೆಲ್ಲ ಹೌದೆಂದು ತಲೆಯಾಡಿಸಿದ್ದಳಂತೆ. ಕುಡಿದರೆ ಹೋಗಬೇಕಾಗುತ್ತದೆ, ಹೋಗಬೇಕಾದರೆ ಕರೆಯಬೇಕಾಗುತ್ತದೆ. ಹಾಗಾಗಿ ಕುಡಿಯುವುದನ್ನೇ ಬಿಟ್ಟಿದ್ದಳು.

"ಅಮ್ಮಾ" ಎಂದೆ. ಕಣ್ಣು ತೆರೆದಳು, ಆದರೆ ಆ ಕಣ್ಣಿಗೆ ನನ್ನ ಗುರುತು ಹತ್ತಲಿಲ್ಲ. ನಾನು ತೊಟ್ಟ ನೀಲಿ ಯೂನಿಫಾರ್ಮನ್ನೇ ನೋಡುತ್ತಿದ್ದಳು. ಕಂಬಳಿಯೊಳಗಿನಿಂದ ಮೆಲ್ಲಗೆ ಕೈ ಹೊರಗೆ ಬಂತು, ಕಿರುಬೆರಳು ಎದ್ದಿತು.

"ಸಿಸ್ಟರ್" ಎಂದಳು. "ಸಾರಿ ಸಿಸ್ಟರ್. ಹಾಸಿಗೆ ಒದ್ದೆ ಆಯ್ತು. ನಿಮಗೆ ತೊಂದರೆ ಕೊಟ್ಟೆ."

"ಅಮ್ಮಾ, ನಾನು."

"ನನ್ನ ಮಗಳಿಗೆ ಹೇಳ್ಬೇಡಿ ಸಿಸ್ಟರ್. ಅವಳು ಇಲ್ಲೇ ಕೆಳಗೆ ಡ್ಯೂಟಿ ಮಾಡುದು. ಅವಳಿಗೆ ನಾಚಿಕೆ ಆಗ್ತದೆ."

ಅಷ್ಟು ವರ್ಷಗಳಿಂದ ಬೇರೆಯವರ ಹಾಸಿಗೆ ಬದಲಿಸಿದ ಕೈಯಲ್ಲೇ ಒದ್ದೆ ಬೆಡ್‌ಶೀಟಿನ ಒಂದು ಬದಿ ಹಿಡಿದೆ. ಮರಿಸೆಲ್ ಇನ್ನೊಂದು ಬದಿಯಿಂದ ಹಿಡಿದಳು. ಇಬ್ಬರೂ ಸೇರಿ ಅಮ್ಮನನ್ನು ಹೊರಳಿಸಿ, ಒರೆಸಿ, ಒಣಬಟ್ಟೆ ಹಾಕಿದೆವು. ಡಾಕ್ಟರು ಬಂದರು. ಮೂತ್ರ ಕಟ್ಟಿಕೊಂಡು ಸೋಂಕು ಆಗಿದೆ, ಅದರ ಜ್ವರ ತಲೆಗೆ ಏರಿದೆ, ವಯಸ್ಸಾದವರಲ್ಲಿ ಹೀಗಾಗುತ್ತದೆ ಎಂದರು. ಡ್ರಿಪ್ ಹಾಕಿದರು, ಇಂಜೆಕ್ಷನ್ ಬರೆದರು. "ಇವರು ಯಾರನ್ನೂ ಕರೆಯಲಿಲ್ಲವೇ?" ಎಂದು ಕೇಳಿದರು. ಮರಿಸೆಲ್ ನನ್ನ ಮುಖ ನೋಡಿದಳು. ನಾನು ದಿಂಬಿನ ಹಿಂದಿನ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ತೆಗೆಯತೊಡಗಿದೆ.

ಆ ಬೆರಳಿನ ಅರ್ಥ ಹೇಳಿದಾಗ ಮರಿಸೆಲ್ ಕಾರಿಡಾರಿನಲ್ಲೇ ಅತ್ತುಬಿಟ್ಟಳು. "ಅವರು ನನ್ನನ್ನು ಬಾ ಎಂದರು, ನಾನು ನಕ್ಕು ಹೋದೆ" ಎಂದು ಮತ್ತೆ ಮತ್ತೆ ಹೇಳಿದಳು. "ನಿನ್ನದೇನೂ ತಪ್ಪಿಲ್ಲ, ನಿನಗೆ ಹೇಗೆ ಗೊತ್ತಾಗಬೇಕು" ಎಂದು ಅವಳ ಬೆನ್ನು ಸವರಿದೆ. ಅಲ್ಲಿಗೇ ನಿಲ್ಲಿಸಿದೆ. ಹಾಗಾದರೆ ಯಾರ ತಪ್ಪು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಮನೆಯ ಊಟದ ಮೇಜಿನ ಬಗ್ಗೆ ಅವಳಿಗೇನು ಗೊತ್ತು? ನನ್ನ ಮಾತಿನ ತಪ್ಪಿಗೆ ಅವಳು ಅಳುತ್ತಿದ್ದಳು, ನಾನು ಸಮಾಧಾನ ಮಾಡುವವಳ ಹಾಗೆ ನಿಂತಿದ್ದೆ. ಆ ಸವರಿದ ಕೈಯನ್ನು ನೆನೆದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ.

ಜ್ವರ ಇಳಿಯಿತು. ಅಮ್ಮ ನನ್ನನ್ನು ಗುರುತಿಸಿದಳು, ಗದರಿದಳು, ಗಂಜಿ ನೀರಾಗಿದೆ ಎಂದಳು. ಜ್ವರದಲ್ಲಿ ಆಡಿದ್ದು ಒಂದೂ ಅವಳ ನೆನಪಿನಲ್ಲಿಲ್ಲ. ವೀಸಾ ಮುಂದುವರಿಸಿ ಮನೆಗೆ ಕರೆತಂದೆವು. ನಾನು ಬದಲಾಗಿದ್ದೇನೆ ಎಂದು ದೊಡ್ಡದಾಗಿ ಹೇಳಲಾರೆ. ಬೆಲ್ ಈಗಲೂ ನನ್ನನ್ನು ಬೇಯಿಸುತ್ತದೆ. ಈಗಲೂ ಗೋಡೆಯ ಗುಂಡಿ ಒತ್ತಿ, ಎರಡು ಬೆರಳು ತೋರಿಸಿ ಓಡುತ್ತೇನೆ. ಓಡದಿದ್ದರೆ ಆ ಪರದೆ ನನ್ನನ್ನು ಬಿಡುವುದಿಲ್ಲ. ಡ್ಯೂಟಿಯ ಶುರುವಿನಲ್ಲಿ ಮಾತ್ರ, ಸದಾ ಹಸಿರಾಗಿರುವ ಕೋಣೆಗಳಿಗೆ ಮೊದಲು ಹೋಗಿ ನೋಡುತ್ತೇನೆ. ಅದೂ ದಿನವೂ ಆಗುವುದಿಲ್ಲ. ಮನೆಯಲ್ಲಿ ಆಟ ನಿಲ್ಲಿಸಿದ್ದೇನೆ. ಮಗಳು "ಮಮ್ಮಿ, ಟುಡೇ ಯಾರು?" ಎಂದು ಕೇಳಿದರೆ "ಇವತ್ತು ಯಾರೂ ಇಲ್ಲ" ಎಂದು ಹೇಳಿ ಪಾತ್ರೆ ತೊಳೆಯಲು ಎದ್ದು ಹೋಗುತ್ತೇನೆ.

ಆದರೆ ಅಮ್ಮನಿಗೆ ಈಗ ಹೇಳಲು ಒಂದು ಕಥೆ ಸಿಕ್ಕಿದೆ. ಊರಿನಿಂದ ಫೋನ್ ಬಂದರೆ, ಚರ್ಚಿನಲ್ಲಿ ಯಾರಾದರೂ ಸಿಕ್ಕಿದರೆ, ಅದೇ ಕಥೆ. ಹೋದ ಶುಕ್ರವಾರ ಹಿಲ್ಡಾಳ ಮನೆಯಲ್ಲಿ ಶುರು ಮಾಡಿದ್ದೂ ಅದನ್ನೇ.

"ನೀವು ಇವಳ ಬೆಲ್ ನೋಡಿ ನಗಾಡ್ತೀರಿ. ನಾನು ಅಷ್ಟು ದಿನ ಇವಳ ಆಸ್ಪತ್ರೆಯಲ್ಲಿ ಮಲಗಿದ್ದೆ ಅಲ್ವಾ, ಒಂದೇ ಒಂದು ಸಲ ಬೆಲ್ ಒತ್ತಲಿಲ್ಲ ನಾನು. ಒಂದೇ ಒಂದು ಸಲ! ಬೇಕಾದ್ರೆ ಅಲ್ಲಿಯ ಸಿಸ್ಟರ್‌ಗಳ ಹತ್ರ ಕೇಳಿ. ಬೆಸ್ಟ್ ಪೇಶೆಂಟ್ ಅಂತ ಹೇಳಿದ್ದಾರೆ ನನಗೆ."

"ಟೀಚರಮ್ಮ ಅಂದ್ರೆ ಸುಮ್ನೆಯಾ?" ಎಂದಳು ಹಿಲ್ಡಾ. ಎಲ್ಲರೂ ತಲೆದೂಗಿದರು. ಅಮ್ಮನ ಬೆನ್ನು ಇನ್ನಷ್ಟು ನೇರವಾಯಿತು. ನಮ್ಮವರು ಮಾತ್ರ ತಟ್ಟೆಯಿಂದ ತಲೆಯೆತ್ತದೆ ನನ್ನ ಮೊಣಕೈಯನ್ನು ಒಮ್ಮೆ ಮುಟ್ಟಿದರು. ಅವರಿಗೆ ಎಲ್ಲವೂ ಗೊತ್ತು.

ಈ ಕಥೆಯನ್ನು ಎಷ್ಟೋ ಸಲ ಬಾಯಿ ಮುಚ್ಚಿಕೊಂಡು ಕೇಳಿದ್ದೆ. ಆ ದಿನ ಯಾಕೋ ತಡೆಯಲಾಗಲಿಲ್ಲ.

"ಒತ್ತಬೇಕಿತ್ತು ಅಮ್ಮ ನೀನು" ಎಂದೆ.

ಅಮ್ಮ ನನ್ನ ಕಡೆ ತಿರುಗಿದಳು. ಕಣ್ಣಿನಲ್ಲಿ ಸಿಟ್ಟಿಲ್ಲ, ಕೊಂಕಿಲ್ಲ, ಬರೀ ನಗು.

"ಒತ್ತಿದ್ರೆ ರಾತ್ರಿ ಊಟಕ್ಕೆ ಕೂತು ನನ್ನದೂ ಆಡಿ ತೋರಿಸ್ತಿದ್ದಿ ಅಲ್ವಾ ನೀನು?"

ಹಿಲ್ಡಾಳ ಮನೆಯವರೆಲ್ಲ ಮತ್ತೆ ನಕ್ಕರು. ಅಮ್ಮನೂ ನಕ್ಕಳು. ಅವಳು ಅದನ್ನು ತಮಾಷೆಗೇ ಹೇಳಿದ್ದಳು, ನನಗೆ ನೋಯಲಿ ಎಂದು ಹೇಳಿದ್ದಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು. ಇಲ್ಲ ಅಮ್ಮ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಸುಳ್ಳಾಗುತ್ತಿತ್ತು. ನನ್ನ ಅಮ್ಮನೇ ಆಗಿರದಿದ್ದರೆ, ಅದೇ ಕಾಲು ಮುರಿದ ಹೆಂಗಸು ನನ್ನ ವಾರ್ಡಿನಲ್ಲಿ ಮಲಗಿ ದಿನಕ್ಕೆ ನಾಲ್ಕೈದು ಸಲ ಆ ಚಿತ್ರ ಒತ್ತಿದ್ದರೆ, ಖಂಡಿತ ಆಡಿ ತೋರಿಸುತ್ತಿದ್ದೆ. ಹೆಸರೂ ಇಡುತ್ತಿದ್ದೆ.

ಎದ್ದು ಹೋಗಿ ಅಮ್ಮನಿಗೆ ಒಂದು ಲೋಟ ನೀರು ತಂದೆ. ಈಗ ಮನೆಯಲ್ಲೂ ಹೀಗೇ ಮಾಡುತ್ತೇನೆ. ಕೇಳಿದರೆ ಬೇಡ ಎನ್ನುತ್ತಾಳೆ, ಹಾಗಾಗಿ ಕೇಳದೆ ತಂದು ಕೊಡುತ್ತೇನೆ, ಕುಡಿದು ಮುಗಿಯುವ ತನಕ ಪಕ್ಕದಲ್ಲಿ ನಿಲ್ಲುತ್ತೇನೆ. ಅಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕುಡಿಯುತ್ತಾಳೆ. ಕುಡಿಯುತ್ತ ಕುಡಿಯುತ್ತ ಲೋಟದ ಮೇಲಿನಿಂದ ನನ್ನ ಮುಖ ನೋಡುತ್ತಾಳೆ, ನನಗೇನಾದರೂ ಅವಸರವಿದೆಯೇ ಎಂದು.